ಅಣ್ಣನ ಕೈಯಿಂದ ಜಾರಿದ ಕೊಂಡಿ

ನನ್ನ ಪರವಾಗಿ ಮಾತಾಡುವವರೆಲ್ಲ ಒಂದೇ ಮಾತು ಹೇಳುತ್ತಾರೆ. "ಪಾಪ, ಶಾಂತವ್ವ ಸಾಲಿ ಕಲಿತಾಕಿ ಅಲ್ಲ, ಆಕಿಗೇನ ಗೊತ್ತಾಗಬೇಕು." ಓಣಿಯವರು ಹೇಳಿದರು, ನನ್ನ ಗಂಡ ಹೇಳಿದ, ದವಾಖಾನೆಯ ನರ್ಸ್ ಬಾಯಿಯೂ ಹೇಳಿದಳು. ಬಹಳ ದಿನ ನಾನೂ ಆ ಮಾತಿನ ನೆರಳಲ್ಲಿ ಕೂತಿದ್ದೆ. ನಾನು ಆರನೇ ಇಯತ್ತೆಗೆ ಸಾಲೆ ಬಿಟ್ಟವಳು, ಅದು ಖರೆ. ಆದರೆ ಆ ದಿನ ನನ್ನ ಅಣ್ಣನ ಕೈಗೆ ಏನಾಗುತ್ತಿದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಮನೆಯಲ್ಲಿ ಡಯಾಲಿಸಿಸ್ ರೋಗಿ ಇರುವವರು ಯಾರಾದರೂ ಓದಿದರೆ, ನನಗಿಂತ ಬೇಗ ಎದ್ದು ನಿಲ್ಲಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಇಳಕಲ್. ಅಪ್ಪ ಬಿಟ್ಟುಹೋದ ಕುಣಿಮಗ್ಗದಲ್ಲಿ ಅಣ್ಣ ಮಹಾಂತೇಶ ಸೀರೆ ನೇಯುತ್ತಿದ್ದ. ನನ್ನನ್ನು ಕೊಟ್ಟದ್ದೂ ಊರಲ್ಲೇ, ಎರಡು ಓಣಿ ಆಚೆ. ಇಳಕಲ್ ಸೀರೆಯ ಒಡಲಿನ ಎಳೆಗಳೇ ಬೇರೆ, ಸೆರಗಿನ ಎಳೆಗಳೇ ಬೇರೆ. ಎರಡನ್ನೂ ಮಗ್ಗದ ಮೇಲೆ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಅದಕ್ಕೆ ಇಬ್ಬರು ಎದುರುಬದುರು ಕೂರಬೇಕು. ಚಿಕ್ಕಂದಿನಿಂದ ಅಣ್ಣನ ಎದುರು ಕೂರುತ್ತಿದ್ದವಳು ನಾನು. ಮದುವೆಯಾದ ಮೇಲೂ ಕೊಂಡಿ ಹಾಕುವ ದಿನ ನಾನೇ ಹೋಗುತ್ತಿದ್ದೆ. ಅಣ್ಣನ ಕೊಂಡಿ ಸಡಿಲ, ಎಲ್ಲವೂ ಒಂದೇ ಅಳತೆ. ನನ್ನದು ಬಿಗಿ. "ಶಾಂತಿ ಕೊಂಡಿ ಹಾಕಿದ್ರ ಸೀರಿಗೆ ಉಸಿರು ಕಟ್ಟತೈತಿ" ಎಂದು ಅಪ್ಪ ಬೈಯುತ್ತಿದ್ದ.

ಅಪ್ಪನ ಇನ್ನೊಂದು ಕಟ್ಟುನಿಟ್ಟಿತ್ತು. ಕೊಂಡಿ ಹಾಕಲು ಕೂತವರು ಮುಗಿಯುವವರೆಗೆ ಏಳಬಾರದು. ಒಬ್ಬರು ಕೈ ಬಿಟ್ಟರೂ ಎಳೆ ಸಡಿಲಾಗಿ ಹಾಕಿದ್ದೆಲ್ಲ ಜಾರುತ್ತದೆ. ಮದುವೆಯ ಸೀರೆಯಾದರಂತೂ ನಡುವೆ ಏಳುವುದು ಅಪಶಕುನ ಎಂಬ ಮಾತೂ ಸೇರಿಕೊಂಡಿತ್ತು. ನೀರಡಿಕೆಯಾದರೂ ಏಳದೆ ಕೂತು ಬೆಳೆದವರು ನಾವು.

ಅಣ್ಣನ ಕಾಲು ಬಾತಾಗ ಯಾರೂ ಲಕ್ಷ್ಯ ಕೊಡಲಿಲ್ಲ. ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ದಿನವಿಡೀ ಕಾಲು ಇಳಿಬಿಟ್ಟು ಕೂರುವವನ ಕಾಲು ಬಾತುಕೊಳ್ಳದೆ ಇರುತ್ತದೆಯೇ ಎಂದುಕೊಂಡೆವು. ಮುಖ ಬಾತು, ಊಟ ಸೇರದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದ ಮೇಲೆ ಬಾಗಲಕೋಟೆಗೆ ಹೋದೆವು. ವರ್ಷಗಟ್ಟಲೆ ಬಿಪಿ ಒಳಗೊಳಗೇ ಕೆಲಸ ಮಾಡಿ ಎರಡೂ ಕಿಡ್ನಿಯನ್ನು ಮುಗಿಸಿತ್ತು. ನಾನೂ ವೈನಿಯೂ, ಅಂದರೆ ಅಣ್ಣನ ಹೆಂಡತಿ ನೀಲವ್ವ, ಡಾಕ್ಟರ ಕೋಣೆಯ ಹೊರಗಿನ ಬಾಕಿನ ಮೇಲೆ ಕೂತು ಅತ್ತೆವು. ಅಣ್ಣ ಹೊರಗೆ ಬಂದು ನಮ್ಮಿಬ್ಬರನ್ನೂ ನೋಡಿ, "ಸತ್ತಾಂವ ಇನ್ನೂ ಇಲ್ಲೇ ನಿಂತಾನ, ಏಳ್ರಿ, ಬಸ್ ತಪ್ಪತೈತಿ" ಅಂದ.

ಅಲ್ಲಿಂದ ಸೋಮವಾರ, ಗುರುವಾರ ಡಯಾಲಿಸಿಸ್. ಸೋಮವಾರ ವೈನಿ ಹೋಗುತ್ತಿದ್ದಳು, ಗುರುವಾರ ನಾನು. ಸೂಜಿ ಚುಚ್ಚಲು ಎಡಗೈಯಲ್ಲಿ ಒಂದು ಸಣ್ಣ ಆಪರೇಶನ್ ಮಾಡಿ ನರ ದಪ್ಪ ಮಾಡಿದ್ದರು. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ಅಣ್ಣ ಅದನ್ನೂ ನಗೆ ಮಾಡಿದ. "ಒಂದು ಕೈ ದವಾಖಾನಿಗೆ ಕೊಟ್ಟೀನಿ, ಒಂದು ಮಗ್ಗಕ್ಕ ಇಟಗೊಂಡೀನಿ" ಎಂದು ಬಂದವರಿಗೆಲ್ಲ ಎರಡೂ ಕೈ ಚಾಚಿ ತೋರಿಸುತ್ತಿದ್ದ.

ಗುರುವಾರದ ಬಸ್ಸಿಗೆ ಹುನಗುಂದದಲ್ಲಿ ಖಾಜಾಸಾಬರು ಹತ್ತುತ್ತಿದ್ದರು. ಹುನಗುಂದದಲ್ಲಿ ಅವರದು ಹೊಲಿಗೆ ಅಂಗಡಿ. ಅವರದೂ ಅದೇ ದವಾಖಾನೆ, ಅಣ್ಣನ ಪಕ್ಕದ ಮಂಚ. ಕಂಡಕ್ಟರನಂತೆ, ನರ್ಸಿನಂತೆ, ನನ್ನಂತೆ ಕೂಡ ಮಾತಾಡಿ ತೋರಿಸಿ ಬಸ್ಸನ್ನು ನಗಿಸುತ್ತಿದ್ದರು. ಅಮೀನಗಡದಲ್ಲಿ ಬಸ್ ನಿಂತಾಗ ಕರದಂಟಿನ ಅಂಗಡಿಗಳಿಂದ ಬೆಲ್ಲ, ತುಪ್ಪದ ವಾಸನೆ ಬರುತ್ತದೆ. ಡಯಾಲಿಸಿಸ್‌ನವರಿಗೆ ಕರದಂಟು ವಿಷ. ಖಾಜಾಸಾಬರು ಕಿಟಕಿಗೆ ಮುಖ ಇಟ್ಟು ಉದ್ದಕ್ಕೆ ಉಸಿರು ಎಳೆದು, "ಎಳಿಯೋ ಮಾಂತೇಶಿ, ಮೂಗಿಗೇನ ಪಥ್ಯ ಹೇಳಿಲ್ಲ" ಅನ್ನುತ್ತಿದ್ದರು. ಇಬ್ಬರೂ ಕಣ್ಣು ಮುಚ್ಚಿ ವಾಸನೆ ಎಳೆಯುವುದನ್ನು ನೋಡಿ ನಾನು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದೆ, ನಗು ಬಂದೋ ಅಳು ಬಂದೋ.

ಒಂದು ಗುರುವಾರ ಅವರು ಬಸ್ ಹತ್ತಲಿಲ್ಲ. ಲಕ್ವಾ ಹೊಡೆದು ಎರಡನೇ ದಿನಕ್ಕೆ ತೀರಿಕೊಂಡರು ಎಂದು ದವಾಖಾನೆಯಲ್ಲಿ ತಿಳಿಯಿತು. ಪಕ್ಕದ ಮಂಚಕ್ಕೆ ಅಷ್ಟರಲ್ಲಿ ಬೇರೆಯವರು ಬಂದಿದ್ದರು. ಅಣ್ಣ ಅವತ್ತು ನಾಲ್ಕು ತಾಸೂ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಆ ದಿನವೇ ನಮ್ಮ ಡಾಕ್ಟರಮ್ಮ ರೋಗಿಗಳೊಂದಿಗೆ ಬಂದವರನ್ನೆಲ್ಲ ಹೊರಗೆ ಬಾಕಿನ ಮೇಲೆ ಕೂರಿಸಿದರು. ಮುಚ್ಚುಮರೆ ಮಾಡಲಿಲ್ಲ. ಕಿಡ್ನಿ ಪೂರ್ತಿ ಹೋದವರಿಗೆ ಲಕ್ವಾ ಹೊಡೆಯುವುದು ಹೆಚ್ಚು, ಹೊಡೆದರೆ ಜೀವಕ್ಕೆ ಅಪಾಯವೂ ಉಳಿದವರಿಗಿಂತ ಹೆಚ್ಚು ಎಂದರು. ಬಿಪಿ ಗುಳಿಗೆ ತಪ್ಪಿಸಬೇಡಿ, ಉಪ್ಪು ಕಡಿಮೆ ಮಾಡಿ ಎಂದರು. ಆಮೇಲೆ ಹೇಳಿದ್ದನ್ನು ನಾನು ಈಗಲೂ ಅವರ ದನಿಯಲ್ಲೇ ಹೇಳಬಲ್ಲೆ.

"ಮಾರಿ ಒಂದ ಕಡಿ ಸೊಟ್ಟ ಆದ್ರ, ಕೈಕಾಲಿನ ಶಕ್ತಿ ಹೋದ್ರ, ಮಾತು ತೊದಲಿದ್ರ ಕಾಯಬ್ಯಾಡ್ರಿ. ಹತ್ತು ನಿಮಿಷಕ್ಕ ತಾನ ಸರಿ ಆತಂದ್ರೂ ಬರ್ರಿ. ಅದು ಹೋತು ಅಂತ ತಿಳೀಬ್ಯಾಡ್ರಿ. ಹೋಗಿ ಬರ್ತೇನಿ ಅಂತ ಹೇಳಿ ಹೋಗಿರತೈತಿ."

ಅಣ್ಣ ಒಳಗೆ ಮಶೀನಿಗೆ ಹಚ್ಚಿಕೊಂಡು ಮಲಗಿದ್ದ. ಸೋಮವಾರದ ಪಾಳಿಯ ವೈನಿ ಇಳಕಲ್‌ನಲ್ಲಿದ್ದಳು. ಕೇಳಿಸಿಕೊಂಡದ್ದು ನಮ್ಮ ಮನೆಯಲ್ಲಿ ನಾನೊಬ್ಬಳೇ. ಖಾಜಾಸಾಬರ ಸುದ್ದಿ ಕೇಳಿಯೇ ವೈನಿ ಕುಸಿದು ಕೂತಿದ್ದಳು, ಇನ್ನಷ್ಟು ಹೆದರಿಸುವುದೇಕೆ ಎಂದು ನಾನು ಮನೆಯಲ್ಲಿ ಏನೂ ಹೇಳಲಿಲ್ಲ. ನನ್ನ ತಪ್ಪು ಅಲ್ಲಿಂದಲೇ ಶುರು.

ಎರಡು ತಿಂಗಳಾದ ಮೇಲೆ ನನ್ನ ಮಗಳು ಸವಿತಾಳ ಮದುವೆ ಗೊತ್ತಾಯಿತು. ಸೋದರಮಾವ ಸೀರೆ ಕೊಡುವುದು ಎಲ್ಲರ ಮನೆಯಲ್ಲೂ ಉಂಟು. ಅಣ್ಣ ತಾನೇ ನೇಯುತ್ತೇನೆ ಎಂದ. ಹಸಿರು ಒಡಲು, ಕೆಂಪು ರೇಷ್ಮೆಯ ಸೆರಗು. ವೈನಿ ಬೇಡವೆಂದಳು. ಡಾಕ್ಟರು ಹಗುರ ಕೆಲಸ ಮಾಡಬಹುದು ಎಂದಿದ್ದಾರಲ್ಲ ಎಂದು ವಾದಿಸಿದವಳು ನಾನು. ಅಣ್ಣನ ಕೈಯ ಸೀರೆ ಉಟ್ಟು ನನ್ನ ಮಗಳು ಹಸೆಯ ಮೇಲೆ ಕೂರಬೇಕು, ಬೀಗರು ಕಣ್ಣರಳಿಸಿ ನೋಡಬೇಕು, ಇದು ನನ್ನ ಆಸೆ. ಬೇರೆ ಯಾರ ಮೇಲೂ ಹಾಕುವುದಿಲ್ಲ.

ಕೊಂಡಿ ಹಾಕಿದ್ದು ಒಂದು ಬುಧವಾರ ಮಧ್ಯಾಹ್ನ. ವೈನಿ ರೇಶನ್ ಅಂಗಡಿಗೆ ಹೋಗಿದ್ದಳು. ಅರ್ಧ ಅಗಲ ದಾಟಿರಬೇಕು, ಅಣ್ಣನ ಬೆರಳಿನಿಂದ ಎಳೆ ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ನಲವತ್ತು ವರ್ಷ ಅವನ ಎದುರು ಕೂತಿದ್ದೇನೆ, ಅವನ ಕೈಯಿಂದ ಸಾಲಾಗಿ ಎಳೆ ಜಾರಿದ್ದನ್ನು ನಾನು ಕಂಡಿರಲಿಲ್ಲ.

"ಕೈ ಯಾಕೋ ಭಾರ ಆಗೇತಿ ಶಾಂತಿ" ಅಂದ. ಶಾಂತಿ ಎನ್ನುವಾಗ ನಾಲಿಗೆ ದಪ್ಪವಾದವರಂತೆ ಕೇಳಿಸಿತು. ತಲೆ ಎತ್ತಿ ನೋಡಿದೆ. ಬಾಯಿಯ ಬಲ ಅಂಚು ಸ್ವಲ್ಪ ಕೆಳಗಿತ್ತು.

ಡಾಕ್ಟರಮ್ಮನ ಮಾತು ಆ ಕ್ಷಣವೇ ನೆನಪಾಯಿತು. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಬಾಕಿನ ಮೇಲೆ ಅವರು ಮೂರು ಬೆರಳು ಎತ್ತಿ ತೋರಿಸಿದ್ದು ಕೂಡ ಕಣ್ಣ ಮುಂದೆ ಬಂತು. ನನ್ನ ಕೈಯಲ್ಲಿ ಕೆಂಪು ರೇಷ್ಮೆಯ ಎಳೆಗಳು ಬಿಗಿಯಾಗಿದ್ದವು. ಎದ್ದರೆ ಹಾಕಿದ್ದೆಲ್ಲ ಹೋಗುತ್ತದೆ. ಮಗಳ ಮದುವೆಯ ಸೀರೆ.

"ನಿನ್ನೆ ನಿದ್ದಿ ಆಗಿಲ್ಲ, ಅದಕ್ಕ. ನೀ ಸುಮ್ಮ ಹಿಡಕೊಂಡ ಕುಂದ್ರು" ಅಂದೆ. ಅವನಿಗೆ ಹೇಳಿದೆನೋ ನನಗೇ ಹೇಳಿಕೊಂಡೆನೋ. ಅವನು ಬಿಟ್ಟ ಎಳೆಗಳಿಗೆ ನಾನೇ ಆಚೆ ಬಾಗಿ ಕೊಂಡಿ ಹಾಕಿದೆ, ಒಂದೊಂದಾಗಿ. ಕಾಲು ತಾಸಾಗುವಷ್ಟರಲ್ಲಿ ಅವನ ಬೆರಳು ಮತ್ತೆ ಮೊದಲಿನಂತೆ ಆಡತೊಡಗಿದವು. ಬಾಯಿಯೂ ಸರಿಯಾಯಿತು. ನೋಡು, ಏನೂ ಇರಲಿಲ್ಲ ಎಂದುಕೊಂಡೆ. ಹೋಗಿ ಬರುತ್ತೇನೆ ಎಂದು ಹೇಳಿ ಹೋದದ್ದನ್ನು ನಾನೇ ಬಾಗಿಲವರೆಗೆ ಕಳಿಸಿಕೊಟ್ಟಿದ್ದೆ. "ನೀಲಾಗ ಹೇಳಬ್ಯಾಡ, ಮಗ್ಗ ಮುಟ್ಟಗೊಡಾಂಗಿಲ್ಲ ಆಕಿ" ಎಂದ ಅಣ್ಣ. ಅವನಿಗೆ ಅದು ದಣಿವು ಅಷ್ಟೆ. ನಾನು ತಲೆಯಾಡಿಸಿದೆ.

ಮರುದಿನ ಗುರುವಾರ, ನನ್ನ ಪಾಳಿ. ಡಾಕ್ಟರಮ್ಮ ಎಂದಿನಂತೆ ಮಂಚದ ಬಳಿ ನಿಂತು, "ಏನರ ಹೊಸಾದು ಐತೇನ್ರಿ?" ಎಂದು ನನ್ನ ಕಡೆ ನೋಡಿ ಕೇಳಿದರು.

"ಏನಿಲ್ರಿ" ಅಂದೆ.

ಹೇಳಿದರೆ ಅಡ್ಮಿಟ್ ಮಾಡುತ್ತಾರೆ, ಮಗ್ಗ ನಿಲ್ಲುತ್ತದೆ, ನಿನ್ನೆ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ. ಇಷ್ಟೂ ನನ್ನ ತಲೆಯಲ್ಲಿ ಹಾದುಹೋದದ್ದು ನನಗೆ ನೆನಪಿದೆ. ಹಾಳೆಯ ಮೇಲೆ ಏನೋ ಗೀಚಿ ಅವರು ಮುಂದಿನ ಮಂಚಕ್ಕೆ ಹೋದರು.

ಶನಿವಾರ ಮುಂಜಾನೆ ನಾನು ಅಣ್ಣನ ಮನೆಯಲ್ಲಿದ್ದೆ. ಅವನು ನೂಲಿನ ಅಂಗಡಿಗೆ ಹೊರಟಿದ್ದ. ಬಲಗಾಲಿನ ಚಪ್ಪಲಿ ಹೊಸ್ತಿಲಲ್ಲೇ ಉಳಿಯಿತು, ಅವನು ಬರಿಗಾಲಲ್ಲಿ ಎರಡು ಹೆಜ್ಜೆ ಹೋದ. "ಅಯ್ಯ, ಚಪ್ಪಲಿ ಇಲ್ಲೇ ಬಿಟ್ರಲ್ಲ" ಎಂದು ವೈನಿ ನಕ್ಕಳು. ಅವನು ತಿರುಗಿದ. ಅರ್ಧ ಮುಖ ಮಾತ್ರ ತಿರುಗಿದಂತಿತ್ತು. ಏನೋ ಹೇಳಲು ಹೋದ, ಮಾತು ಬರಲಿಲ್ಲ, ಕಟ್ಟೆಗೆ ಆತು ಕುಸಿದ.

ವೈನಿ ನಿಂಬೆಹಣ್ಣಿನ ನೀರು ತರಲು ಒಳಗೆ ಓಡಿದಳು. ಬಾಯಿಗೆ ಏನೂ ಹಾಕಬೇಡ, ಇದು ಲಕ್ವಾ, ಕಾರು ಬೇಕು, ನೆಟ್ಟಗೆ ಬಾಗಲಕೋಟೆಗೆ ಎಂದೆ ನಾನು. ಓಡಿಬಂದ ಓಣಿಯವರಲ್ಲಿ ಕೆಲವರು ಲಕ್ವಾಕ್ಕೆ ಪಾರಿವಾಳದ ರಕ್ತ ಸವರುವವರ ಊರು ಹೇಳತೊಡಗಿದರು. ಅವರನ್ನು ಸರಿಸಿ ಅಣ್ಣನನ್ನು ಕಾರಿಗೆ ಹತ್ತಿಸಿದೆ. ದಾರಿಯಲ್ಲಿ ಅಣ್ಣನ ತಲೆ ವೈನಿಯ ತೊಡೆಯ ಮೇಲಿತ್ತು. ಅಮೀನಗಡ ದಾಟುವಾಗ ಆಕೆ ಕೇಳಿದಳು.

"ಲಕ್ವಾ ಅಂತ ನಿನಗ ಹೆಂಗ ಗೊತ್ತಾತು?"

ನಾನು ಕಿಟಕಿಯ ಕಡೆ ನೋಡಿದೆ.

ತಲೆಯ ಸ್ಕ್ಯಾನ್ ಮಾಡಿದರು. ರಕ್ತ ಹೆಪ್ಪುಗಟ್ಟಿ ಒಂದು ನಾಳ ಮುಚ್ಚಿತ್ತು. ಬೇಗ ತಂದಿದ್ದೀರಿ, ಅದು ಒಳ್ಳೆಯದಾಯಿತು, ಆದರೆ ಕಿಡ್ನಿ ಇಲ್ಲದ ಶರೀರ, ಮೂರು ದಿನ ಏನೂ ಹೇಳಲಾಗದು ಎಂದರು ಡಾಕ್ಟರಮ್ಮ. ಆಮೇಲೆ ಪೆನ್ನು ಹಿಡಿದು, ಇದಕ್ಕೆ ಮೊದಲು ಹೀಗೆ ಏನಾದರೂ ಆಗಿತ್ತೇ ಎಂದು ಕೇಳಿದರು. ಇಲ್ಲವೆಂದಳು ವೈನಿ.

"ಆಗಿತ್ರಿ" ಎಂದೆ ನಾನು. "ಬುಧವಾರ. ಕೈ ಜಾರಿತ್ರಿ, ಬಾಯಿ ಸೊಟ್ಟ ಆಗಿತ್ತು. ನಾ ನೋಡಿದ್ದೆ. ಗುರುವಾರ ನೀವು ಕೇಳಿದಾಗ ಏನಿಲ್ಲ ಅಂದೆ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. ಬೈಯಲಿಲ್ಲ. ಬುಧವಾರವೇ ಬಂದಿದ್ದರೆ ಇವತ್ತಿನದು ಆಗುತ್ತಿರಲಿಲ್ಲ ಎಂದು ಹೇಳಲಾಗದು, ಆದರೆ ಆಗದಂತೆ ನೋಡಿಕೊಳ್ಳಲು ನಮಗೊಂದು ಅವಕಾಶವಿತ್ತು ಎಂದರು. ಆ ಮಾತಿನಲ್ಲಿ ಒಂದು ಕೂದಲಷ್ಟೂ ಹೆಚ್ಚಿರಲಿಲ್ಲ, ಕಡಿಮೆಯೂ ಇರಲಿಲ್ಲ. ಅದಕ್ಕೇ ಅದು ಇನ್ನೂ ನನ್ನೊಳಗೆ ಇದೆ.

ವೈನಿ ನನ್ನ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಸೀರಿ ಮುಗೀತೇನ ಶಾಂತವ್ವ?"

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲಿಂದ ಆಕೆ ನನ್ನ ಜೊತೆ ಮಾತು ಬಿಟ್ಟಳು. ಐಸಿಯು ಹೊರಗಿನ ಉದ್ದ ಬಾಕಿನ ಈ ತುದಿಗೆ ನಾನು, ಆ ತುದಿಗೆ ಆಕೆ. ಕಸ ಹೊಡೆಯುವ ಹೆಣ್ಣುಮಗಳೊಬ್ಬಳು ಮುಂಜಾನೆ ಒಳಗೆ ಹೋಗುವಾಗ ಬಾಗಿಲನ್ನು ಬೇಕೆಂದೇ ನಿಧಾನ ಮುಚ್ಚುತ್ತಿದ್ದಳು. ಆ ಸಂದಿನಲ್ಲಿ ಅಣ್ಣನ ಪಾದ ಕಾಣುತ್ತಿತ್ತು. ಎಡಪಾದ ಅಲುಗುವುದನ್ನು ನೋಡಿ ನಾವಿಬ್ಬರೂ ಒಂದೇ ಸಲ ಉಸಿರು ಬಿಡುತ್ತಿದ್ದೆವು, ಒಬ್ಬರ ಮುಖ ಒಬ್ಬರು ನೋಡದೆ. ಒಳಗೇ ಡಯಾಲಿಸಿಸ್ ಕೂಡ ಮಾಡಿದರು. ಎರಡನೇ ದಿನ ಬಿಪಿ ಏರಿ, ಉಸಿರು ಕೆಟ್ಟಾಗ, ಏನಾದರೂ ಆದರೆ ದವಾಖಾನೆ ಹೊಣೆಯಲ್ಲ ಎಂಬ ಕಾಗದಕ್ಕೆ ವೈನಿಯ ಸಹಿ ಮಾಡಿಸಿಕೊಂಡರು. ಆಕೆಯ ಸಹಿ ಗೆರೆ ಬಿಟ್ಟು ಹೊರಗೆ ಹೋಯಿತು.

ಮೂರನೇ ದಿನ ಖಾಜಾಸಾಬರ ಹೆಂಡತಿ ಬೀಬಿಜಾನ್ ಹುನಗುಂದದಿಂದ ಬಂದಳು. ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಎಣ್ಣೆಗಾಯಿ. ಬಾಕಿನ ನಟ್ಟನಡುವೆ ಕೂತು ಎರಡೂ ಕಡೆ ರೊಟ್ಟಿ ಚಾಚಿದಳು. ನಾನು ಒಲ್ಲೆನೆಂದೆ. ಯಾಕೆ ಎಂದು ಕೇಳಿದಾಗ ಹೇಳಿಬಿಟ್ಟೆ, ವೈನಿಗೆ ಕೇಳಿಸುವಂತೆಯೇ. ಬೀಬಿಜಾನ್ ರೊಟ್ಟಿಯ ಅಂಚು ಮುರಿದಳು.

"ನಮ್ಮವರ ಮಾತು ತೊದಲಿದಾಗ ನಾ ನಕ್ಕಿದ್ದೆ ಅವ್ವಾ" ಎಂದಳು. "ದಿನಾ ಒಬ್ಬರ ನಕಲಿ ಮಾಡಾಂವ. ಇವತ್ತು ಯಾರ ನಕಲಿ ಅಂತ ಕೇಳಿದೆ. ಕೈ ಚಪ್ಪಾಳಿ ತಟ್ಟಿ ನಕ್ಕೆ. ನೀ ಉಣ್ಣು. ಉಪವಾಸ ಇದ್ರ ಆ ಹೊತ್ತು ತಿರುಗಿ ಬರಾಂಗಿಲ್ಲ."

ನಾನು ಉಂಡೆ. ವೈನಿಯೂ ಉಂಡಳು. ಅದೇ ಸಂಜೆ ಅಣ್ಣ ಕಣ್ಣು ತೆರೆದು ನರ್ಸಿನ ಮಾತಿಗೆ ಎಡಗೈ ಬೆರಳು ಮಡಚಿದ.

ಅವನು ಉಳಿದ. ಒಂದು ತಿಂಗಳು ದವಾಖಾನೆ, ಆಮೇಲೆ ಮನೆಯಲ್ಲಿ ವ್ಯಾಯಾಮ. ಮಾತು ಮೊದಲು ಬಂತು, ಆಮೇಲೆ ನಡಿಗೆ. ಬಲಗೈ ಮಾತ್ರ ಪೂರ್ತಿ ಬರಲಿಲ್ಲ. ತುತ್ತು ಎತ್ತುತ್ತಾನೆ, ಎಳೆ ಹಿಡಿಯಲಾರ. ಮಗ್ಗಕ್ಕೆ ಇಟ್ಟುಕೊಂಡಿದ್ದ ಕೈ ಅದು. ಗುರುವಾರದ ಪಾಳಿ ನಾನು ಬಿಡಲಿಲ್ಲ. ವೈನಿ ಬೇಡವೆನ್ನಲೂ ಇಲ್ಲ, ಮಾತಾಡಲೂ ಇಲ್ಲ.

ಸವಿತಾಳ ಮದುವೆಯನ್ನು ಬೀಗರೇ ಮುಂದೂಡಿದರು. ಆ ಸೀರೆ ಮಗ್ಗದ ಮೇಲೆ ಹಾಗೇ ಇತ್ತು. ನಾನು ಆ ಕಡೆ ಹೋಗುತ್ತಿರಲಿಲ್ಲ. ಒಂದು ದಿನ ಓಣಿಗೆ ಕಾಲಿಟ್ಟರೆ ಅಣ್ಣನ ಮನೆಯಿಂದ ಲಾಳಿಯ ಸದ್ದು ಬರುತ್ತಿತ್ತು. ಒಳಗೆ ನೋಡಿದರೆ ಕುಣಿಯಲ್ಲಿ ವೈನಿ ಕೂತು ನೇಯುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ. ಆಕೆ ತಲೆ ಎತ್ತದೆ, "ನಿಂತಗೊಂಡ ಏನ ನೋಡ್ತಿ? ಕಂಡಿಕಿ ಸುತ್ತಿ ಕೊಡು" ಎಂದಳು. ಎಂಟು ತಿಂಗಳ ಮೇಲೆ ಆಡಿದ ಮೊದಲ ಮಾತು. ನಾನು ಕೂತು ಲಾಳಿಗೆ ಹಾಕುವ ನೂಲು ಸುತ್ತತೊಡಗಿದೆ.

ಸೀರೆ ಮಗ್ಗದಿಂದ ಇಳಿದ ದಿನ ಅಣ್ಣ ಅದನ್ನು ತೊಡೆಯ ಮೇಲೆ ಹಾಸಿಕೊಂಡ. ಹಸಿರು ಮುಗಿದು ಕೆಂಪು ಶುರುವಾಗುವ ಗೆರೆಯ ಉದ್ದಕ್ಕೂ ಎಡಗೈ ಬೆರಳು ಆಡಿಸುತ್ತ ಹೋದ. ಒಂದು ಕಡೆ ಬೆರಳು ನಿಂತಿತು. ಹಿಂದೆ ಬಂತು, ಮತ್ತೆ ಅಲ್ಲೇ ನಿಂತಿತು. ನನಗೆ ತಡೆಯಲಾಗಲಿಲ್ಲ. ಡಾಕ್ಟರಮ್ಮನಿಗೆ ಹೇಳಿದ್ದೆ, ವೈನಿ ಕೇಳಿಸಿಕೊಂಡಿದ್ದಳು, ಆದರೆ ಅಣ್ಣನಿಗೆ ನಾನು ಇನ್ನೂ ಹೇಳಿರಲಿಲ್ಲ.

"ಅಣ್ಣಾ, ಅವತ್ತ ನಾ ನೋಡಿದ್ದೆ" ಎಂದೆ. "ಡಾಕ್ಟರು ಮೊದಲ ಹೇಳಿದ್ರು. ಗೊತ್ತಿದ್ದೂ ಏಳಲಿಲ್ಲ."

"ನೋಡಿದ್ದೀ ಅಂತ ಈಗ ಗೊತ್ತಾತು" ಎಂದ. ಬೆರಳು ಇನ್ನೂ ಅಲ್ಲೇ ಇತ್ತು. "ಈ ಕೊಂಡಿ ನಂದಲ್ಲ. ಸೀರಿಗೆ ಉಸಿರು ಕಟ್ಟೇತಿ ಇಲ್ಲಿ."

ಸೀರೆಯನ್ನು ಮಡಚಲು ನೋಡಿದ, ಒಂದೇ ಕೈಯಲ್ಲಿ ಆಗಲಿಲ್ಲ. ನಾನು ಇನ್ನೊಂದು ತುದಿ ಹಿಡಿದೆ. ನನ್ನ ಮುಖ ನೋಡದೆ ಹೇಳಿದ.

"ಸಿಟ್ಟು ಇಲ್ಲ ಅಂತ ಹೇಳಾಂಗಿಲ್ಲ ಶಾಂತಿ. ಐತಿ. ಮುಂದಿನ ಸಲ ಎಳಿ ಬಿಟ್ಟು ಎದ್ದ ಬಿಡು."

ಸವಿತಾ ಆ ಸೀರೆ ಉಟ್ಟು ಹಸೆಯ ಮೇಲೆ ಕೂತಳು. ಬೀಗರು ಕಣ್ಣರಳಿಸಿ ನೋಡಿದರು. ನಾನು ಸೆರಗಿನ ಆ ಗೆರೆಯನ್ನು ಮಾತ್ರ ನೋಡುತ್ತಿದ್ದೆ.

ಇದೆಲ್ಲ ಆಗಿ ಒಂದೂವರೆ ವರ್ಷ. ಈಗ ದವಾಖಾನೆಗೆ ಹೊಸದಾಗಿ ಬಂದು ಬಾಕಿನ ಮೇಲೆ ಅಳುತ್ತ ಕೂತವರ ಪಕ್ಕ ನಾನು ಹೋಗಿ ಕೂರುತ್ತೇನೆ. ಎಲ್ಲರಿಗೂ ಮೂರು ಬೆರಳು ಎತ್ತಿ ತೋರಿಸುತ್ತೇನೆ. ಮಾರಿ, ಕೈಕಾಲು, ಮಾತು. ಮನೆಯಲ್ಲಿ ಒಬ್ಬರಿಗಲ್ಲ, ಎಲ್ಲರಿಗೂ ಹೇಳಿ ಎನ್ನುತ್ತೇನೆ. ಹೆದರುತ್ತಾರೆ ಎಂದು ಮುಚ್ಚಿಟ್ಟರೆ ಹೆದರುವ ದಿನ ನೀವೊಬ್ಬರೇ ಆಗುತ್ತೀರಿ. ಡಾಕ್ಟರಮ್ಮ ನನ್ನನ್ನು ಕಂಡರೆ ಈಗ, "ಶಾಂತವ್ವಾರ, ಇವತ್ತ ಎಷ್ಟ ಹೊಸಾದು ತಂದೀರಿ?" ಎಂದು ನಗುತ್ತಾರೆ. ಅಣ್ಣ ಆಕಳಿಸಿದ್ದನ್ನೂ ನಾನು ಹೇಳುತ್ತೇನಂತೆ.

ಹೋದ ತಿಂಗಳು ನಾನೂ ವೈನಿಯೂ ಕೊಂಡಿ ಹಾಕಲು ಕೂತಿದ್ದೆವು. ನನ್ನ ಎದುರು ಈಗ ಆಕೆ. ಅಣ್ಣ ಕಟ್ಟೆಯ ಮೇಲೆ ಕೂತು ಏನೋ ಹೇಳುತ್ತಿದ್ದ. ಮಾತು ನಡುವೆ ನಿಂತಿತು. ತಿರುಗಿ ನೋಡಿದರೆ ತಲೆ ಒಂದು ಕಡೆ ವಾಲಿತ್ತು. ಕೈಯಲ್ಲಿದ್ದ ಎಳೆಗಳನ್ನೆಲ್ಲ ಬಿಟ್ಟು ನಾನು ಎದ್ದೆ. ಮುಕ್ಕಾಲು ಅಗಲ ಆಗಿತ್ತು. ಕೊಂಡಿಗಳು ಒಂದರ ಹಿಂದೊಂದು ಸರಸರ ಜಾರಿದ ಸದ್ದು ಬೆನ್ನ ಹಿಂದೆ ಕೇಳಿಸಿತು. ತಿರುಗಿ ನೋಡಲಿಲ್ಲ.

ಬಾಗಲಕೋಟೆಯಲ್ಲಿ ಪರೀಕ್ಷೆ ಮಾಡಿ, ಹಿಂದಿನ ದಿನ ಡಯಾಲಿಸಿಸ್‌ನಲ್ಲಿ ನೀರು ಹೆಚ್ಚು ತೆಗೆದಿದ್ದರಿಂದ ಬಿಪಿ ಇಳಿದಿದೆ ಅಷ್ಟೆ ಎಂದರು. ಸಂಜೆಗೆ ಮನೆಗೆ ಬಿಟ್ಟರು. "ಖಾಲಿ ಪುಕ್ಕಟ ಓಡಿಸಿದ್ಲು" ಎಂದು ವೈನಿ ಅಣ್ಣನಿಗೆ ದೂರು ಹೇಳಿದಳು. ಹೇಳುತ್ತಲೇ ಬಸ್ಸಿನಲ್ಲಿ ನನ್ನ ಪಕ್ಕ ಕೂತಳು. ಅಮೀನಗಡದಲ್ಲಿ ಬಸ್ ನಿಂತಾಗ ಅಣ್ಣ ಕಿಟಕಿಗೆ ಮುಖ ಇಟ್ಟು ಉದ್ದಕ್ಕೆ ಉಸಿರು ಎಳೆದ.

ಮರುದಿನ ಮಗ್ಗದ ಮುಂದೆ ಹೋದರೆ ಎಳೆಗಳೆಲ್ಲ ಸಡಿಲಾಗಿ ಜೋತು ಬಿದ್ದಿದ್ದವು. ಒಂದು ಕೊಂಡಿಯೂ ಉಳಿದಿರಲಿಲ್ಲ. "ಕುಂದ್ರು, ಮೊದಲಿಂದ" ಎಂದಳು ವೈನಿ. ನಾವು ಎದುರುಬದುರು ಕೂತು ಮೊದಲ ಎಳೆ ಹಿಡಿದೆವು.

"ಬಿಗಿ ಎಳೀಬ್ಯಾಡ ಶಾಂತಿ" ಎಂದು ಅಣ್ಣ ಕಟ್ಟೆಯಿಂದ ಕೂಗಿದ.

ನಾನು ಕೈ ನಿಲ್ಲಿಸಿ ಕೇಳಿಸಿಕೊಂಡೆ. ಒಂದಕ್ಷರವೂ ತೊದಲಿರಲಿಲ್ಲ.